ಕಾರ್ಯಾದೇಶ ಬರೆಯುವವರು ಯಾರು?

2003ರಲ್ಲಿ ಇರಾಕಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೇನೆಗೆ ಕೈದಿಗಳ ವಿಚಾರಣೆ ನಡೆಸಬಲ್ಲ ಜನ ಬೇಕಾಗಿದ್ದರು. ಆ ಕೆಲಸ ಬಲ್ಲ ಸೈನಿಕರು ಸೇನೆಯಲ್ಲಿ ಸಾಕಷ್ಟು ಇರಲಿಲ್ಲ. ಟೆಂಡರ್ ಕರೆದು, ಬಂದ ಪ್ರಸ್ತಾವಗಳನ್ನು ತೂಗಿ ನೋಡಿ, ಕರಾರು ಮಾಡಿಕೊಂಡು ಜನರನ್ನು ಕರೆಸಿಕೊಳ್ಳುವ ಹೊತ್ತಿಗೆ ತಿಂಗಳುಗಳೇ ಉರುಳುತ್ತವೆ. ಅಷ್ಟು ಕಾಯುವ ಸ್ಥಿತಿಯಲ್ಲಿ ಸೇನೆ ಇರಲಿಲ್ಲ. ಹಾಗಾಗಿ ಆಗಲೇ ಚಾಲ್ತಿಯಲ್ಲಿದ್ದ ಕರಾರೊಂದರ ಮೇಲೆ ಆದೇಶ ಹೊರಡಿಸುವ ದಾರಿ ಹಿಡಿದರು. ಆ ಕರಾರು ಯಾವುದಕ್ಕೆ ಆಗಿತ್ತು ಗೊತ್ತೆ? ಮಾಹಿತಿ ತಂತ್ರಜ್ಞಾನದ ಸೇವೆಗಳಿಗೆ. ಆದೇಶ ಹೊರಟದ್ದು ಅರಿಜೋನಾ ರಾಜ್ಯದ ಫೋರ್ಟ್ ವಾಚುಕಾ ಎಂಬ ಸೇನಾ ನೆಲೆಯಲ್ಲಿದ್ದ ಒಂದು ಖರೀದಿ ಕಚೇರಿಯಿಂದ. ಆ ಕಚೇರಿಯೂ ಆಗ ಸೇನೆಯ ಕೈಯಲ್ಲಿರಲಿಲ್ಲ. 2001ರಲ್ಲೇ ಅದು ಇಂಟೀರಿಯರ್ ಇಲಾಖೆಗೆ ವರ್ಗವಾಗಿತ್ತು. ಅಮೆರಿಕದಲ್ಲಿ ಅದು ರಾಷ್ಟ್ರೀಯ ಉದ್ಯಾನಗಳನ್ನೂ ಸರ್ಕಾರಿ ಜಮೀನನ್ನೂ ನೋಡಿಕೊಳ್ಳುವ ಇಲಾಖೆ. ಉದ್ಯಾನಗಳ ಇಲಾಖೆಯ ಒಂದು ಕಚೇರಿ, ಕಂಪ್ಯೂಟರ್ ಕೆಲಸದ ಕರಾರಿನ ಮೇಲೆ, ಸಾವಿರಾರು ಮೈಲಿ ದೂರದ ಸೆರೆಮನೆಗಳಿಗೆ ವಿಚಾರಣೆಗಾರರನ್ನು ಗೊತ್ತುಮಾಡಿ ಕಳಿಸಿತು. ಆ ಸೆರೆಮನೆಗಳಲ್ಲಿ ಒಂದು ಅಬು ಘ್ರೈಬ್.

ಅಲ್ಲಿ ಕೈದಿಗಳಿಗೆ ಎಂಥ ಹಿಂಸೆ ನಡೆಯಿತು ಎಂಬುದನ್ನು 2004ರಲ್ಲಿ ಹೊರಬಂದ ಛಾಯಾಚಿತ್ರಗಳು ಜಗತ್ತಿಗೆ ತೋರಿಸಿದವು. ಇಂದು ನಾನು ಮಾತನಾಡಬೇಕೆಂದಿರುವುದು ಆ ಚಿತ್ರಗಳ ಹಿಂದಿದ್ದ ಕಾಗದಪತ್ರಗಳ ಬಗ್ಗೆ. ಸರ್ಕಾರದ ಇಲಾಖೆಗಳು ಸಲಹೆಗಾರರನ್ನು, ಎಂಜಿನಿಯರುಗಳನ್ನು, ಲೆಕ್ಕಪತ್ರ ತಜ್ಞರನ್ನು, ಸಾಫ್ಟ್‌ವೇರ್ ಬರೆಯುವವರನ್ನು ಮೊದಲೇ ಮಾಡಿಟ್ಟುಕೊಂಡ ಕರಾರಿನ ಮೂಲಕ ತರಿಸಿಕೊಳ್ಳುವ ಪದ್ಧತಿ ಒಂದಿದೆ. ಅಮೆರಿಕದಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಬೆಳೆದಿದೆ. ನಮ್ಮಲ್ಲೂ ಬೇರೆ ಬೇರೆ ಹೆಸರಿನಲ್ಲಿ ಇದೆ. ಕೋಟಿಗಟ್ಟಲೆ ತೆರಿಗೆ ಹಣ ಈ ಬಾಗಿಲಿನಿಂದ ಹೊರಹೋಗುತ್ತದೆ, ಆದರೂ ಇದರ ಬಗ್ಗೆ ಸಾರ್ವಜನಿಕರಲ್ಲಿ ಚರ್ಚೆಯೇ ಇಲ್ಲ.

ಮೊದಲು ಪದ್ಧತಿ ಹೇಗೆ ನಡೆಯುತ್ತದೆ ನೋಡೋಣ. 1949ರಲ್ಲಿ, ಅಧ್ಯಕ್ಷ ಟ್ರೂಮನ್ ಅವರ ಕಾಲದಲ್ಲಿ, ಅಮೆರಿಕ ಸರ್ಕಾರ ಜನರಲ್ ಸರ್ವಿಸಸ್ ಅಡ್ಮಿನಿಸ್ಟ್ರೇಷನ್ ಎಂಬ ಸಂಸ್ಥೆ ಕಟ್ಟಿತು. ಎಲ್ಲರೂ ಅದನ್ನು ಜಿಎಸ್‌ಎ ಎಂದೇ ಕರೆಯುತ್ತಾರೆ. ಒಂದೊಂದು ಇಲಾಖೆಯೂ ಮೇಜು, ಕುರ್ಚಿ, ಟೈಪ್‌ರೈಟರ್‌ಗಾಗಿ ತಾನೇ ಬೇರೆ ಬೇರೆಯಾಗಿ ಚೌಕಾಸಿ ಮಾಡುವುದು ಬೇಡ, ಎಲ್ಲರ ಪರವಾಗಿ ಒಂದು ಸಂಸ್ಥೆ ದರ ಗೊತ್ತುಮಾಡಿಡಲಿ, ಬೇಕಾದವರು ಆ ದರಕ್ಕೆ ತರಿಸಿಕೊಳ್ಳಲಿ ಎಂಬುದು ಉದ್ದೇಶ. ಹೀಗೆ ದರಪಟ್ಟಿಗಳು ಹುಟ್ಟಿದವು. ಸಾಮಾನಿನಿಂದ ಶುರುವಾದ ಈ ಪಟ್ಟಿಗಳಿಗೆ ಬರಬರುತ್ತಾ ಸೇವೆಗಳೂ ಸೇರಿದವು. 1990ರ ದಶಕದಲ್ಲಂತೂ ಸರ್ಕಾರದ ನೌಕರರ ಸಂಖ್ಯೆ ಇಳಿದಂತೆ ಹೊರಗಿನವರಿಂದ ಮಾಡಿಸುವ ಕೆಲಸ ಏರಿತು. ಆಡಳಿತ ಸಲಹೆ, ತರಬೇತಿ, ಸಮೀಕ್ಷೆ, ಮಾಹಿತಿ ತಂತ್ರಜ್ಞಾನ ಎಲ್ಲಕ್ಕೂ ಪಟ್ಟಿಗಳಾದವು. 2019ರಲ್ಲಿ ಅಂಥ 24 ಪಟ್ಟಿಗಳನ್ನು ಒಂದುಗೂಡಿಸಿ ಒಂದೇ ದೊಡ್ಡ ಪಟ್ಟಿ ಮಾಡಿದರು.

ಕಂಪನಿಯೊಂದು ಈ ಪಟ್ಟಿಗೆ ಸೇರಬೇಕಾದರೆ ತನ್ನ ಅನುಭವ, ಹಣಕಾಸಿನ ಸ್ಥಿತಿ, ಖಾಸಗಿ ಗ್ರಾಹಕರಿಗೆ ಕೊಡುವ ದರ ಎಲ್ಲವನ್ನೂ ತೋರಿಸಬೇಕು. ಜಿಎಸ್‌ಎ ಅಧಿಕಾರಿಗಳು ಚೌಕಾಸಿ ಮಾಡಿ ಗರಿಷ್ಠ ದರ ಗೊತ್ತುಮಾಡುತ್ತಾರೆ. ಆಮೇಲೆ ಕರಾರು. ಮೊದಲು ಐದು ವರ್ಷಕ್ಕೆ, ಬಳಿಕ ಐದೈದು ವರ್ಷದಂತೆ ಮೂರು ಸಲ ಮುಂದುವರಿಸಲು ಅವಕಾಶ. ಅಂದರೆ ಒಂದು ಕರಾರು 20 ವರ್ಷ ಬಾಳಬಹುದು. ಇಲ್ಲಿ ಗಮನಿಸಬೇಕಾದ್ದು, ಕರಾರು ಆಯಿತೆಂದರೆ ಕೆಲಸ ಸಿಕ್ಕಿತು ಎಂದಲ್ಲ. ಅದು ಪಂಕ್ತಿಗೆ ಪ್ರವೇಶ ಮಾತ್ರ. ಕೆಲಸ ಬರುವುದು ಯಾವುದೋ ಇಲಾಖೆ ಆ ಕರಾರಿನ ಮೇಲೆ ಪ್ರತ್ಯೇಕ ಕಾರ್ಯಾದೇಶ ಹೊರಡಿಸಿದಾಗ. ಕಂಪನಿ ತನಗೆ ಬಂದ ಹಣದಲ್ಲಿ ಶೇಕಡ 0.75ರಷ್ಟನ್ನು ಜಿಎಸ್‌ಎಗೆ ಕಟ್ಟಬೇಕು. ಆ ಸಂಸ್ಥೆಯ ಈ ವ್ಯವಸ್ಥೆ ನಡೆಯುವುದೇ ಆ ಹಣದಿಂದ.

ಇದರಲ್ಲಿ ಒಳ್ಳೆಯದು ಬಹಳ ಇದೆ. ಪ್ರವಾಹ ಬಂದು ಒಂದು ಜಿಲ್ಲೆಯ ಸೇತುವೆಗಳು ಬಿರುಕುಬಿಟ್ಟಿವೆ, ತಪಾಸಣೆಗೆ ತಜ್ಞರು ಬೇಕು ಎಂದಾಗ ಟೆಂಡರ್ ಪ್ರಕಟಣೆಯ ಮೂವತ್ತು ದಿನ, ತಾಂತ್ರಿಕ ಬಿಡ್, ಆರ್ಥಿಕ ಬಿಡ್, ಆಕ್ಷೇಪಣೆ ಎಂದು ಕೂತರೆ ಜನ ಅಪಾಯದಲ್ಲೇ ಓಡಾಡುತ್ತಿರುತ್ತಾರೆ. ಮೊದಲೇ ಅರ್ಹತೆ ನೋಡಿ ಆರಿಸಿಟ್ಟ ಹತ್ತು ಸಂಸ್ಥೆಗಳಿದ್ದರೆ ಒಂದು ವಾರದಲ್ಲಿ ಕೆಲಸ ಶುರುವಾಗುತ್ತದೆ. ಸಣ್ಣ ಸಂಸ್ಥೆಗಳಿಗೂ ಪ್ರತಿ ಸಲ ನೂರಾರು ಪುಟದ ದಾಖಲೆ ಜೋಡಿಸುವ ಶ್ರಮ ತಪ್ಪುತ್ತದೆ. ಇಲಾಖೆಯ ಗುಮಾಸ್ತರ ಹೊರೆಯೂ ಇಳಿಯುತ್ತದೆ. ಟೆಂಡರ್ ಎಂಬುದೇ ಪ್ರಾಮಾಣಿಕತೆಯ ಇನ್ನೊಂದು ಹೆಸರು ಎಂದು ನಂಬುವವರು ನಮ್ಮಲ್ಲಿದ್ದಾರೆ. ನಾನು ಆ ಪಂಗಡದವನಲ್ಲ. ಕಡಿಮೆ ದರ ಹಾಕಿದವನಿಗೆ ಕಣ್ಣುಮುಚ್ಚಿ ಕೆಲಸ ಕೊಟ್ಟು, ಪ್ರಯೋಜನಕ್ಕೆ ಬಾರದ ವರದಿ ಪಡೆದ ಇಲಾಖೆಗಳು ಎಷ್ಟೋ ಇವೆ.

ತೊಡಕಿರುವುದು ಸೇವೆ ಎಂಬ ವಸ್ತುವಿನ ಸ್ವಭಾವದಲ್ಲೇ. ಕುರ್ಚಿಗೆ ದರ ಗೊತ್ತುಮಾಡಿದರೆ ಮುಗಿಯಿತು, ಹತ್ತು ಕುರ್ಚಿ ಬೇಕಾದರೆ ಹತ್ತರ ದುಡ್ಡು. ಸಲಹೆಗಾರರ ವಿಷಯದಲ್ಲಿ ಪಟ್ಟಿಯಲ್ಲಿರುವುದು ಗಂಟೆಯ ದರ ಮಾತ್ರ. ಹಿರಿಯ ವಿಶ್ಲೇಷಕರಿಗೆ ಗಂಟೆಗೆ ಇಷ್ಟು, ಕಿರಿಯರಿಗೆ ಇಷ್ಟು, ಯೋಜನಾ ವ್ಯವಸ್ಥಾಪಕರಿಗೆ ಇಷ್ಟು. ಎಷ್ಟು ಗಂಟೆ ಬೇಕು, ಯಾರ ಗಂಟೆ ಬೇಕು ಎಂಬುದನ್ನು ಪಟ್ಟಿ ಹೇಳುವುದಿಲ್ಲ. ಲೆಕ್ಕ ತಿಳಿಯಲೆಂದು ಒಂದು ಕಾಲ್ಪನಿಕ ಅಂಕಿ ಹೇಳುತ್ತೇನೆ. ಹಿರಿಯರಿಗೆ ಗಂಟೆಗೆ 200 ಡಾಲರ್, ಕಿರಿಯರಿಗೆ 90 ಡಾಲರ್ ಎಂದು ಒಪ್ಪಿತವಾಗಿದೆ ಎಂದುಕೊಳ್ಳಿ. ಕೆಲಸ 1000 ಗಂಟೆಯದು. ಅದನ್ನೆಲ್ಲ ಹಿರಿಯರೇ ಮಾಡುತ್ತಾರೆ ಎಂದು ಕೊಟೇಶನ್ ಬಂದರೆ 2 ಲಕ್ಷ ಡಾಲರ್. ಹಿರಿಯರು 200 ಗಂಟೆ ಮಾರ್ಗದರ್ಶನ ಮಾಡಿ, ಕಿರಿಯರು 800 ಗಂಟೆ ದುಡಿದರೆ 1 ಲಕ್ಷ 12 ಸಾವಿರ. ಎರಡು ಕೊಟೇಶನ್‌ಗಳಲ್ಲೂ ದರ ಸರ್ಕಾರ ಒಪ್ಪಿದ್ದೇ. ಲೆಕ್ಕಪರಿಶೋಧಕರು ಬಂದು ದರಪಟ್ಟಿಗೆ ಹೋಲಿಸಿ ನೋಡಿದರೆ ಎರಡೂ ಸರಿ. ನಡುವೆ ಹೋದ 88 ಸಾವಿರ ಡಾಲರ್ ಯಾರ ಕಣ್ಣಿಗೂ ಬೀಳುವುದಿಲ್ಲ, ಕೆಲಸದ ಒಳಹೊರಗು ಬಲ್ಲವರು ಒಬ್ಬರು ಇಲಾಖೆಯಲ್ಲಿ ಇದ್ದ ಹೊರತು.

ಅಮೆರಿಕದ ಖರೀದಿ ನಿಯಮ ಬರೆದವರಿಗೆ ಇದು ಗೊತ್ತಿತ್ತು. ಗಂಟೆಯ ದರ ನ್ಯಾಯವಾಗಿದೆ ಎಂದು ಜಿಎಸ್‌ಎ ನೋಡಿರುತ್ತದೆ, ಆದರೆ ಎಷ್ಟು ಶ್ರಮ ಬೇಕು, ಯಾವ ದರ್ಜೆಯ ಜನ ಎಷ್ಟೆಷ್ಟು ಬೇಕು, ಒಟ್ಟು ಮೊತ್ತ ಸರಿಯೆ ಎಂದು ಆದೇಶ ಹೊರಡಿಸುವ ಅಧಿಕಾರಿಯೇ ತೀರ್ಮಾನಿಸಬೇಕು ಎಂದು ಅವರು ಸ್ಪಷ್ಟವಾಗಿ ಬರೆದರು. ಕಾರ್ಯವ್ಯಾಪ್ತಿಯನ್ನು, ಅಂದರೆ ಏನು ಕೆಲಸ ಆಗಬೇಕು ಎಂಬುದನ್ನು, ಬರಹದಲ್ಲಿ ಇಳಿಸಿ, ಪಟ್ಟಿಯಲ್ಲಿರುವ ಕನಿಷ್ಠ ಮೂರು ಸಂಸ್ಥೆಗಳಿಗೆ ಕಳಿಸಿ ಕೊಟೇಶನ್ ಕೇಳಬೇಕು ಎಂದೂ ವಿಧಿಸಿದರು. ಹಲವರಿಗೆ ಒಟ್ಟಿಗೇ ಕರಾರು ಕೊಟ್ಟಿರುವ ಕಡೆ, ಪ್ರತಿ ಆದೇಶದಲ್ಲೂ ಎಲ್ಲರಿಗೂ ನ್ಯಾಯವಾದ ಅವಕಾಶ ಸಿಗಬೇಕು ಎಂದು 1994ರಲ್ಲಿ ಕಾಯ್ದೆಯೇ ಬಂತು. ರಕ್ಷಣಾ ಇಲಾಖೆಯಲ್ಲಿ ಇದು ಪಾಲನೆಯಾಗುತ್ತಿಲ್ಲ ಎಂಬ ದೂರು ಬಲವಾದಾಗ, 1 ಲಕ್ಷ ಡಾಲರ್ ಮೀರಿದ ಸೇವಾ ಆದೇಶಗಳಿಗೆ ಪೈಪೋಟಿ ಕಡ್ಡಾಯ ಮಾಡಿ ಅಲ್ಲಿನ ಸಂಸತ್ತು 2002ನೇ ಆರ್ಥಿಕ ವರ್ಷದ ರಕ್ಷಣಾ ಮಸೂದೆಯಲ್ಲೇ ಸೇರಿಸಿತು. ಇನ್ನೊಂದು ಮಾತನ್ನೂ ಹೇಳಬೇಕು. ವಾಸ್ತುಶಿಲ್ಪಿಗಳನ್ನು, ವಿನ್ಯಾಸ ಎಂಜಿನಿಯರುಗಳನ್ನು ದರದ ಮೇಲೆ ಆರಿಸಲೇಬಾರದು, ಮೊದಲು ಯೋಗ್ಯತೆ ನೋಡಿ, ಬಳಿಕ ದರ ಮಾತಾಡಿ ಎಂದು ಆ ದೇಶ 1972ರಲ್ಲೇ ಬೇರೆ ಕಾಯ್ದೆ ಮಾಡಿಕೊಂಡಿದೆ. ನನಗೆ ಅದು ವಿವೇಕದ ಕಾಯ್ದೆ ಎನ್ನಿಸುತ್ತದೆ.

ಇಷ್ಟೆಲ್ಲ ಕಾವಲು ಇದ್ದೂ 2003ರಲ್ಲಿ ಆದದ್ದೇನು? ಫೋರ್ಟ್ ವಾಚುಕಾದ ಆ ಕರಾರು ಮೊದಲು ಇದ್ದದ್ದು ಬೇರೊಂದು ಸಣ್ಣ ಕಂಪನಿಯ ಹೆಸರಿನಲ್ಲಿ. 2003ರ ಮೇ ತಿಂಗಳಲ್ಲಿ ವರ್ಜೀನಿಯಾದ ಸಿಎಸಿಐ ಎಂಬ ದೊಡ್ಡ ಕಂಪನಿ ಆ ಸಣ್ಣ ಕಂಪನಿಯನ್ನು ಕೊಂಡುಕೊಂಡಿತು, ಕರಾರೂ ಜತೆಗೇ ಬಂತು. ಅದರ ಮೇಲೆ ಇರಾಕಿನ ಕೆಲಸಕ್ಕೆಂದು ಒಂದರ ಮೇಲೊಂದು ಆದೇಶ ಹೊರಟವು. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ 2005ರ ಏಪ್ರಿಲ್‌ನಲ್ಲಿ ಕೊಟ್ಟ ವರದಿ ಪ್ರಕಾರ, 6 ಕೋಟಿ 60 ಲಕ್ಷ ಡಾಲರ್‌ಗೂ ಹೆಚ್ಚು ಮೊತ್ತದ 11 ಆದೇಶಗಳಲ್ಲಿ 10 ಆದೇಶಗಳು ಮೂಲ ಕರಾರಿನ ವ್ಯಾಪ್ತಿಯ ಹೊರಗಿದ್ದವು. ಮಾಹಿತಿ ತಂತ್ರಜ್ಞಾನದ ಪಟ್ಟಿಯಲ್ಲಿ ಕೈದಿಗಳ ವಿಚಾರಣೆಗೆ ಜಾಗವಾದರೂ ಎಲ್ಲಿ? ಪೈಪೋಟಿಯೂ ನಡೆಯಲಿಲ್ಲ, ಸ್ಥಳದಲ್ಲಿ ಮೇಲ್ವಿಚಾರಣೆಯೂ ಸಾಕಷ್ಟು ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಲಕಿದ್ದು ಬೇರೊಂದು ಸಂಗತಿ. ಇಲಾಖೆಯೇ ಮಾಡಬೇಕಾದ ಖರೀದಿ ಕೆಲಸದಲ್ಲಿ ಕಂಪನಿ ಪಾತ್ರ ವಹಿಸಿತ್ತು, ಅಧಿಕಾರಿಗಳು ತಮ್ಮ ಹೊಣೆಯನ್ನು ಕೈಬಿಟ್ಟಿದ್ದರು ಎಂದು ಆ ವರದಿ ಹೇಳುತ್ತದೆ. ಏನು ಕೆಲಸ ಬೇಕು ಎಂದು ನಿರ್ಧರಿಸುವ ಕಡೆಯಲ್ಲೇ ಆ ಕೆಲಸ ಮಾರುವವರು ಕೂತಿದ್ದರು.

ತಿಂಗಳ ದಿನಸಿಗೆ ಅಂಗಡಿಯಲ್ಲಿ ಖಾತೆ ಇಟ್ಟ ಮನೆಯನ್ನು ನೆನೆಸಿಕೊಳ್ಳಿ. ಅಕ್ಕಿ, ಬೇಳೆಗೆ ದರ ಮೊದಲೇ ಮಾತಾಗಿದೆ, ತಪ್ಪಿಲ್ಲ. ಆದರೆ ಎಷ್ಟು ಸೇರು ಬೇಕು ಎಂಬ ಚೀಟಿಯನ್ನು ಮನೆಯವರು ಬರೆಯಬೇಕು. ಅಂಗಡಿಯವನೇ ಬರೆಯತೊಡಗಿದರೆ, ಅವನು ಎಷ್ಟೇ ಒಳ್ಳೆಯವನಾದರೂ, ಮಾತಾದ ದರಕ್ಕೆ ಅರ್ಥ ಉಳಿಯುವುದಿಲ್ಲ.

ಇರಾಕಿನ ಆ ಚೀಟಿಯಲ್ಲಿ ಬಿಟ್ಟುಹೋದ ಒಂದು ವಾಕ್ಯದ ಬೆಲೆ ಏನಾಯಿತು ಹೇಳುತ್ತೇನೆ. ಸೇನೆಯ ಇನ್‌ಸ್ಪೆಕ್ಟರ್ ಜನರಲ್ 2004ರಲ್ಲಿ ನಡೆಸಿದ ತನಿಖೆಯಲ್ಲಿ, ಗುತ್ತಿಗೆಯ ಮೇಲೆ ಬಂದಿದ್ದ 31 ವಿಚಾರಣೆಗಾರರಲ್ಲಿ 11 ಜನರಿಗೆ ಸೇನೆಯ ವಿಚಾರಣಾ ಪದ್ಧತಿಯಲ್ಲಿ ವಿಧಿವತ್ತಾದ ತರಬೇತಿಯೇ ಆಗಿರಲಿಲ್ಲ ಎಂದು ಕಂಡುಬಂತು. ಕಾರ್ಯವ್ಯಾಪ್ತಿಯ ಬರಹ ಆ ತರಬೇತಿಯನ್ನು ಕಡ್ಡಾಯ ಮಾಡಿರಲೇ ಇಲ್ಲ. ಕೇಳದಿದ್ದ ಮೇಲೆ ಕೊಡುವವರು ಯಾರು? ಯುದ್ಧಕಾಲದ ಬಂದೀಖಾನೆಯಲ್ಲಿ ಕೈದಿಗೆ ಏನು ಮಾಡಬಹುದು, ಏನು ಮಾಡಕೂಡದು ಎಂಬ ಪಾಠ ಆಗದ ಜನ ಕೈದಿಗಳ ಮುಂದೆ ಕೂತರು. ಅಬು ಘ್ರೈಬ್‌ನಲ್ಲಿ ನಡೆದ ಹಿಂಸೆಗೆ ಸೇನೆಯ ಶಿಸ್ತಿನ ಕುಸಿತ, ಮೇಲಿನವರ ಆಜ್ಞೆ, ಬೇರೆ ಕಾರಣಗಳೂ ಇದ್ದವು. ಎಲ್ಲವನ್ನೂ ಒಂದು ಕಾರ್ಯಾದೇಶದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಆ ಕಾಗದವನ್ನು ಓದಿ ನೋಡುವವರು ಒಬ್ಬರಿದ್ದಿದ್ದರೆ ಅಲ್ಲಿ ಒಂದು ತಡೆ ಬೀಳುತ್ತಿತ್ತು. 2024ರ ನವೆಂಬರ್‌ನಲ್ಲಿ, ಅಂದರೆ ಇಪ್ಪತ್ತು ವರ್ಷ ದಾಟಿದ ಮೇಲೆ, ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಫೆಡರಲ್ ನ್ಯಾಯಾಲಯದ ಜ್ಯೂರಿ, ಅಬು ಘ್ರೈಬ್‌ನಲ್ಲಿದ್ದ ಮೂವರು ಇರಾಕಿಗರಿಗೆ ಸಿಎಸಿಐ ಒಟ್ಟು 4 ಕೋಟಿ 20 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಕಂಪನಿ ಮಾತ್ರ ಆರೋಪಗಳನ್ನು ಅಲ್ಲಗಳೆಯುತ್ತಲೇ ಬಂದಿದೆ.

ಉದ್ಯಾನಗಳ ಇಲಾಖೆ ಯಾಕೆ ಇದರಲ್ಲಿ ಕೈಹಾಕಿತು ಎಂದು ನೀವು ಕೇಳಬಹುದು. ಬೇರೆ ಇಲಾಖೆಯ ಪರವಾಗಿ ಖರೀದಿ ಮಾಡಿಕೊಟ್ಟರೆ ಸೇವಾಶುಲ್ಕ ಬರುತ್ತದೆ. ಆದೇಶ ಹೆಚ್ಚಿದಷ್ಟೂ ಶುಲ್ಕ. ಅಂಥ ಕಚೇರಿಗೆ, 'ಇದು ನಮ್ಮ ಕರಾರಿನಲ್ಲಿ ಬರುವುದಿಲ್ಲ, ಬೇರೆ ಕಡೆ ನೋಡಿ' ಎನ್ನಲು ನಾಲಿಗೆ ಏಳುವುದಿಲ್ಲ. ಜಿಎಒ ಇದನ್ನು ಗುರುತಿಸಿ, ಒಂದು ಇಲಾಖೆಯ ಕರಾರನ್ನು ಇನ್ನೊಂದು ಇಲಾಖೆ ಬಳಸುವ ಪದ್ಧತಿಯನ್ನು 2005ರಲ್ಲಿ ತನ್ನ ಅಪಾಯದ ಪಟ್ಟಿಗೆ ಸೇರಿಸಿತು. ನಿಯಮಗಳು ಬಿಗಿಯಾಗಿ, ಅಧಿಕಾರಿಗಳಿಗೆ ತರಬೇತಿಯಾಗಿ, ಆ ಪಟ್ಟಿಯಿಂದ ಹೊರಬರಲು 2013ರವರೆಗೆ ಹಿಡಿಯಿತು. ಎಂಟು ವರ್ಷ ತಡವಾದರೂ ಆ ದೇಶ ತನ್ನ ತಪ್ಪನ್ನು ಬರೆದಿಟ್ಟು, ಪ್ರಕಟಿಸಿ, ತಿದ್ದಿಕೊಂಡಿತು. ನಾನು ಇಷ್ಟೆಲ್ಲ ಅಂಕಿ ಹೇಳಲು ಸಾಧ್ಯವಾದದ್ದೂ ಅವರು ಬರೆದಿಟ್ಟದ್ದರಿಂದಲೇ.

ಇನ್ನು ನಮ್ಮ ಕಡೆಗೆ ಬರೋಣ. ಭಾರತದಲ್ಲಿ ದರ ಗುತ್ತಿಗೆ ಹೊಸದಲ್ಲ. ಡಿಜಿಎಸ್ ಅಂಡ್ ಡಿ ಎಂಬ ಕೇಂದ್ರ ಸಂಸ್ಥೆ ದಶಕಗಳ ಕಾಲ ಸಾಮಾನುಗಳಿಗೆ ದರ ಗೊತ್ತುಮಾಡಿಡುತ್ತಿತ್ತು. ಹಳೆಯ ಸರ್ಕಾರಿ ನೌಕರರಿಗೆ ಆ ಹೆಸರು ಚೆನ್ನಾಗಿ ನೆನಪಿರುತ್ತದೆ. 2016ರಲ್ಲಿ ಜೆಮ್ ಎಂಬ ಸರ್ಕಾರಿ ಇ-ಮಾರುಕಟ್ಟೆ ಬಂತು, 2017ರ ಅಕ್ಟೋಬರ್ 31ಕ್ಕೆ ಡಿಜಿಎಸ್ ಅಂಡ್ ಡಿ ಬಾಗಿಲು ಮುಚ್ಚಿತು. ಸೇವೆಗಳ ವಿಷಯದಲ್ಲಿ ನಮ್ಮ ರೂಢಿ ಎಂಪ್ಯಾನೆಲ್‌ಮೆಂಟ್, ಅಂದರೆ ಸಂಸ್ಥೆಗಳನ್ನು ಪಟ್ಟಿಗೆ ಸೇರಿಸಿಟ್ಟುಕೊಳ್ಳುವುದು. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿ ಆಶ್ರಯದಲ್ಲಿ 1995ರಲ್ಲಿ ಹುಟ್ಟಿದ ನಿಕ್ಸಿ ಸಂಸ್ಥೆ ಮಾಡುವುದು ಇದನ್ನೇ. ಅದು ಟೆಂಡರ್ ಕರೆದು ಸಾಫ್ಟ್‌ವೇರ್ ಕೆಲಸಕ್ಕೆ, ಸಲಹಾ ಕೆಲಸಕ್ಕೆ, ತಾಂತ್ರಿಕ ಸಿಬ್ಬಂದಿಗೆ ಸಂಸ್ಥೆಗಳನ್ನು ಆರಿಸಿಟ್ಟಿರುತ್ತದೆ. ಇಲಾಖೆ ಬೇಡಿಕೆ ಪತ್ರ ಕಳಿಸಿ ಹಣ ಕಟ್ಟಿದರೆ, ಪಟ್ಟಿಯಲ್ಲಿರುವ ಸಂಸ್ಥೆಗೆ ನಿಕ್ಸಿ ಆದೇಶ ಕೊಡುತ್ತದೆ. ನೀವು ಬಳಸುವ ಎಷ್ಟೋ ಸರ್ಕಾರಿ ಜಾಲತಾಣಗಳ ಹಿಂದೆ ಕೂತು ದುಡಿಯುವ ಹುಡುಗ ಹುಡುಗಿಯರು ಹೀಗೆ ಬಂದವರು. ಇಲಾಖೆಯಲ್ಲಿ ಕೂತರೂ ಇಲಾಖೆಯವರಲ್ಲ.

ಕರ್ನಾಟಕದಲ್ಲಿ 1999ರ ಪಾರದರ್ಶಕತೆ ಕಾಯ್ದೆ ಇದೆ. ಸರ್ಕಾರಿ ಖರೀದಿಗೆ ಟೆಂಡರ್ ಕಡ್ಡಾಯ ಮಾಡಿದ, ತಮಿಳುನಾಡಿನ ಹಿಂದೆಯೇ ಬಂದ, ಹೆಮ್ಮೆಪಡಬೇಕಾದ ಕಾಯ್ದೆ ಅದು. ಅದರ 4ನೇ ಸೆಕ್ಷನ್ನಿನಲ್ಲಿ ವಿನಾಯಿತಿಗಳಿವೆ. ನೈಸರ್ಗಿಕ ವಿಕೋಪ ಬಂದಾಗ, ಒಬ್ಬರಲ್ಲೇ ಸಿಗುವ ವಸ್ತುವಾದಾಗ, ಸಣ್ಣ ಮೊತ್ತದ್ದಾದಾಗ ಟೆಂಡರ್ ಬೇಡ. ಇವೆಲ್ಲ ಎಲ್ಲರೂ ಒಪ್ಪುವ ಮಾತು. ಇವುಗಳ ಜತೆಗೆ 4(ಜಿ) ಎಂಬುದೊಂದಿದೆ. ಸರ್ಕಾರ ಅಧಿಸೂಚನೆ ಹೊರಡಿಸಿ ಯಾವುದೇ ನಿರ್ದಿಷ್ಟ ಖರೀದಿಗೆ ವಿನಾಯಿತಿ ಕೊಡಬಹುದು. ವಿಧಾನಸೌಧದ ಕಾರಿಡಾರಿನಲ್ಲಿ ಓಡಾಡುವವರಿಗೆಲ್ಲ ಈ 'ಫೋರ್ ಜಿ' ಬಾಯಿಪಾಠ. ಕೆಆರ್‌ಐಡಿಎಲ್, ಕಿಯೋನಿಕ್ಸ್, ನಿರ್ಮಿತಿ ಕೇಂದ್ರಗಳಂಥ ಸರ್ಕಾರಿ ಸಂಸ್ಥೆಗಳಿಗೆ ನೇರವಾಗಿ ಕೆಲಸ ಹೋಗಿರುವುದು ಈ ದಾರಿಯಿಂದಲೇ. ಸಲಹಾ ಸೇವೆಗಳೂ ಎಷ್ಟೋ ಸಲ ಇದೇ ಬಾಗಿಲಿನಿಂದ ಬಂದಿವೆ. ಸರ್ಕಾರಿ ಸಂಸ್ಥೆಗೇ ಕೊಟ್ಟದ್ದಲ್ಲವೆ ಎಂದು ಕಡತದಲ್ಲಿ ಬರೆದರೆ ಓದುವವರಿಗೆ ಸಮಾಧಾನ. ಆದರೆ ಆ ಸಂಸ್ಥೆ ತನ್ನಲ್ಲಿ ನೋಂದಾಯಿಸಿಕೊಂಡ ಖಾಸಗಿ ಪೂರೈಕೆದಾರರಿಗೆ ಕೆಲಸ ದಾಟಿಸಿದರೆ, ಕೊನೆಗೆ ಕೆಲಸ ಮಾಡಿದವರು ಯಾರು, ಅವರ ಕಾರ್ಯಾದೇಶದಲ್ಲಿ ಏನು ಬರೆದಿತ್ತು, ಅವರಿಗೆ ಎಷ್ಟು ಸಂದಾಯವಾಯಿತು ಎಂಬುದು ಮೂಲ ಇಲಾಖೆಯ ಕಡತದಲ್ಲಿ ಇರುವುದೇ ಇಲ್ಲ. ಫೋರ್ಟ್ ವಾಚುಕಾದಲ್ಲೂ ಹೀಗೇ ಆದದ್ದು: ಬೇಡಿಕೆ ಒಂದು ಕಡೆ, ಕರಾರು ಇನ್ನೊಂದು ಕಡೆ, ಕೆಲಸ ಮತ್ತೊಂದು ಕಡೆ.

ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಸಲಹೆಗಾರರ ಬಗ್ಗೆ ಸರಿಯಾದ ಮಾತನ್ನೇ ಹೇಳುತ್ತವೆ. ಏನು ಮಾಡಬೇಕು, ಯಾವ ಅವಧಿಯಲ್ಲಿ ಮುಗಿಸಬೇಕು ಎಂಬುದು ಸ್ಪಷ್ಟವಾಗಿರುವ ನಿರ್ದಿಷ್ಟ ಕೆಲಸಕ್ಕೆ ಮಾತ್ರ ಅವರನ್ನು ತೆಗೆದುಕೊಳ್ಳಬೇಕು. ಆ ಸ್ಪಷ್ಟತೆಯನ್ನು ಕಾಗದದ ಮೇಲೆ ಇಳಿಸುವವರು ಯಾರು? ಇಲಾಖೆಗಳಲ್ಲಿ ಹುದ್ದೆಗಳು ಖಾಲಿ ಬಿದ್ದಿವೆ. ಇರುವ ಎಂಜಿನಿಯರಿಗೆ ಮೂರು ಉಪವಿಭಾಗಗಳ ಪ್ರಭಾರ. ಮಾರ್ಚ್ ತಿಂಗಳು ಬಂತು, ಅನುದಾನ ವಾಪಸು ಹೋಗುವ ಭಯ. ಆ ಹೊತ್ತಿನಲ್ಲಿ ಪಟ್ಟಿಯಲ್ಲಿರುವ ಸಂಸ್ಥೆಯ ಪ್ರತಿನಿಧಿ, 'ಸಾರ್, ಡ್ರಾಫ್ಟ್ ನಾವೇ ಮಾಡಿ ಕಳಿಸ್ತೀವಿ, ನೀವು ನೋಡಿ ಸಹಿ ಹಾಕಿದ್ರೆ ಸಾಕು' ಎಂದರೆ ಬೇಡವೆನ್ನುವುದು ಕಷ್ಟ. ಅಮೆರಿಕದಲ್ಲಿ ಆರ್ಥಿಕ ವರ್ಷ ಮುಗಿಯುವುದು ಸೆಪ್ಟೆಂಬರ್ 30ಕ್ಕೆ. ಅಲ್ಲೂ ಸೆಪ್ಟೆಂಬರಿನಲ್ಲಿ ಇದೇ ಧಾವಂತ. ಸಹಿ ಹಾಕಿದ ಅಧಿಕಾರಿಯನ್ನು ಕಳ್ಳ ಎಂದು ಬೈಯುವುದು ಸುಲಭ. ಕಾರ್ಯವ್ಯಾಪ್ತಿ ಬರೆಯಬಲ್ಲ ನಾಲ್ಕು ಜನರನ್ನು ಖಾಯಂ ನೌಕರಿಯಲ್ಲಿ ಇಟ್ಟುಕೊಳ್ಳದೆ, ಅವರಿಗೆ ಕೊಡಬೇಕಾದ ಸಂಬಳ ಉಳಿಸಿದೆವು ಎಂದು ಬಜೆಟ್ಟಿನಲ್ಲಿ ಹೇಳಿಕೊಂಡ ನಾವೆಲ್ಲರೂ ಇದರಲ್ಲಿ ಪಾಲುದಾರರು. ಹೊರಗಿನ ತಜ್ಞರನ್ನು ಚೆನ್ನಾಗಿ ಬಳಸಿಕೊಳ್ಳಬೇಕಾದರೆ ಒಳಗೆ ತಜ್ಞರಿರಬೇಕು. ವರದಿ ಬಂದಾಗ ಅದು ಇನ್ನೊಂದು ರಾಜ್ಯದ ವರದಿಯ ನಕಲೆ, ನಮ್ಮ ನೆಲದ ಅಳತೆಯೆ ಎಂದು ಹೇಳಬಲ್ಲವರು ಬೇಕು.

ನಾಗರಿಕರಾದ ನಮ್ಮ ಕೈಯಲ್ಲಿ ಏನಿದೆ ಎಂದರೆ, 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಸಾಮಾನ್ಯವಾಗಿ ಅರ್ಜಿ ಹಾಕುವವರು ಟೆಂಡರಿನ ಪ್ರತಿ ಕೇಳುತ್ತಾರೆ. ಮೊದಲೇ ಆದ ಕರಾರಿನ ಮೇಲೆ ಕೊಟ್ಟ ಕೆಲಸದಲ್ಲಿ ಟೆಂಡರ್ ಪ್ರತಿ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕೇಳಬೇಕಾದ್ದು ಆ ನಿರ್ದಿಷ್ಟ ಕೆಲಸದ ಕಾರ್ಯಾದೇಶವನ್ನು, ಅದಕ್ಕೂ ಮುಂಚೆ ಇಲಾಖೆ ಬರೆದ ಬೇಡಿಕೆ ಪತ್ರವನ್ನು, ಕಾರ್ಯವ್ಯಾಪ್ತಿಯ ಕರಡು ತಯಾರಿಸಿದ ಟಿಪ್ಪಣಿ ಹಾಳೆಯನ್ನು, ಪಟ್ಟಿಯಲ್ಲಿದ್ದ ಎಷ್ಟು ಸಂಸ್ಥೆಗಳಿಂದ ದರ ತರಿಸಿದರು ಎಂಬುದನ್ನು, ಯಾವ ದರ್ಜೆಯ ಎಷ್ಟು ಜನ ಎಷ್ಟು ದಿನ ಕೆಲಸ ಮಾಡಿದರು ಎಂಬ ಹಾಜರಿಯನ್ನು, ಕೊನೆಗೆ ಬಂದ ವರದಿಯನ್ನು. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಆದ್ದರಿಂದ ಮೊದಲ ಅರ್ಜಿಯಲ್ಲಿ ಕಾರ್ಯಾದೇಶದ ಸಂಖ್ಯೆ, ದಿನಾಂಕ ಮತ್ತು ಅದು ಯಾವ ಮೂಲ ಕರಾರಿನ ಅಡಿಯಲ್ಲಿ ಹೊರಟಿತು ಎಂಬುದನ್ನಷ್ಟೇ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಆ ಸಂಖ್ಯೆ ಕೈಗೆ ಸಿಕ್ಕ ಮೇಲೆ ಎರಡನೆಯ ಅರ್ಜಿಯಲ್ಲಿ ಮೂಲ ಕರಾರಿನ ಪ್ರತಿಯನ್ನೂ ಉಳಿದದ್ದನ್ನೂ ಕೇಳಿ. ಎರಡು ಕಾಗದಗಳನ್ನೂ ಅಕ್ಕಪಕ್ಕ ಇಟ್ಟು, ಮೂಲ ಕರಾರಿನಲ್ಲಿ ಬರೆದ ಕೆಲಸವೂ ಕಾರ್ಯಾದೇಶದಲ್ಲಿ ಬರೆದ ಕೆಲಸವೂ ಒಂದೇ ಹೌದೋ ಅಲ್ಲವೋ ಎಂದು ಓದಿ ನೋಡಿ.